ಡಾಕ್ಟರ್ ಜೊತೆ ಮಾತಾಡುವ ಮೊದಲು 7 ದಿನದ ಲೆಕ್ಕ ಬರೆದಿಡಿ

ಎಲ್ಲರಿಗೂ ನಮಸ್ಕಾರ.

ಮುಂದಿನ ವಾರ ಭಾನುವಾರ ಬೆಳಗ್ಗೆ 11ಕ್ಕೆ ಚರ್ಮದ ಡಾಕ್ಟರ್ ಜೊತೆ ವಿಡಿಯೋ ಕಾಲ್ ಇದೆ. ಪಿತ್ತದ ಗಂಧೆ, ಅಂದರೆ ಮೈ ಮೇಲೆ ತುರಿಸುವ ದದ್ದು ಏಳುವ ಅರ್ಟಿಕೇರಿಯಾ, 6 ವಾರ ದಾಟಿಯೂ ಹೋಗದವರು ತಪ್ಪದೆ ಸೇರಿಕೊಳ್ಳಿ. ಮನೆಯವರನ್ನೂ ಕೂರಿಸಿ. "ಬರೀ ತುರಿಕೆ ತಾನೇ" ಅನ್ನುವವರು ಕೇಳಲೇಬೇಕು!

ನಾಳೆಯಿಂದ ಶನಿವಾರದವರೆಗೆ ದಿನವೂ ಅಂಕ ಬರೆಯಿರಿ. ಗಂಧೆ ಇಲ್ಲದಿದ್ದರೆ 0, 20ಕ್ಕಿಂತ ಕಡಿಮೆ ಇದ್ದರೆ 1, 50ರವರೆಗೆ 2, ಅದಕ್ಕೂ ಜಾಸ್ತಿ ಇದ್ದರೆ ಅಥವಾ ದೊಡ್ಡದಾಗಿ ಕೂಡಿಕೊಂಡಿದ್ದರೆ 3. ತುರಿಕೆಗೂ ಹೀಗೇ, ಎಷ್ಟು ಜೋರು ಅಂತ ನೋಡಿ 0ಯಿಂದ 3. ಎರಡನ್ನೂ ಕೂಡಿದರೆ ವಾರಕ್ಕೆ ಹೆಚ್ಚೆಂದರೆ 42 ಆಗುತ್ತದೆ.

ಫೋಟೋ ಮರೆಯಬೇಡಿ. ಒಂದೊಂದು ಗಂಧೆ 24 ಗಂಟೆಯೊಳಗೆ ಮಾಯವಾಗುತ್ತದೆ. ರಾತ್ರಿಯೆಲ್ಲಾ ಕೆರೆದುಕೊಂಡು, ಬೆಳಗ್ಗೆ ಡಾಕ್ಟರ್ ಮುಂದೆ ಕೂತಾಗ ಮೈ ಮೇಲೆ ಏನೂ ಇರುವುದಿಲ್ಲ, ಅಲ್ವಾ?

ಅಂಕದಲ್ಲಿ ಸಿಗದ ಸಂಗತಿಗಳನ್ನೂ ಬರೆಯಿರಿ. ನಿದ್ದೆ ಕೆಟ್ಟ ರಾತ್ರಿ, ತುಟಿ ಊದಿಕೊಂಡು ರಜೆ ಹಾಕಿದ ದಿನ, ಬಿಗಿ ಬಟ್ಟೆ ಬಿಟ್ಟಿದ್ದು, ಅಂಟುರೋಗ ಅಂದುಕೊಂಡು ಯಾರೋ ದೂರ ಕೂತಿದ್ದು. ಇದು ಅಂಟುವುದಿಲ್ಲ, ಆದರೂ ಮದುವೆ ಮನೆಗೆ ಹೋಗಲು ಹಿಂಜರಿಯುವವರು ನಮ್ಮಲ್ಲೇ ಇದ್ದಾರೆ. ಇವನ್ನು ಕೇಳಿದರೆ ಔಷಧಿ ಸಾಕಾಗುತ್ತಿದೆಯೋ ಇಲ್ಲವೋ ಡಾಕ್ಟರ್‌ಗೆ ತಿಳಿಯುತ್ತದೆ.

ಮಾತ್ರೆಯ ಡೋಸ್ ನೀವೇ ಬದಲಿಸಬೇಡಿ. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಕಾಲ್‌ಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಬರುವವರು ಗುರುವಾರದೊಳಗೆ "ಬರ್ತೀನಿ" ಅಂತ ಇಲ್ಲೇ ಹಾಕಿ. ಫೋಟೋಗಳನ್ನು ಮಾತ್ರ ಗುಂಪಿಗೆ ಬೇಡ, ನನಗೆ ಕಳಿಸಿ.