ಟೀ ಶರ್ಟಿನಲ್ಲಿ ಕಾಣೆಯಾದ ಬಾಣಗಳು

ಗೆಳೆಯಾ,

ಪುಟ್ಟಿಯ ಕುಂಗ್ ಫೂ ತರಗತಿಯ ಹೊಸ ಟೀ ಶರ್ಟಿನ ಫೋಟೋ ಬಂತು. ಚೆನ್ನಾಗಿದೆ ಎಂದು ಒಂದು ಮಾತು ಬರೆದು ಸುಮ್ಮನಾಗಬಹುದಿತ್ತು. ಆದರೆ ನನ್ನ ಚಾಳಿ ನಿನಗೆ ಹೊಸತೇನಲ್ಲ. ಏನೋ ಕೊರೆಯಿದೆ ಅನ್ನಿಸಿ ರಾತ್ರಿ ಊಟವಾದ ಮೇಲೆ ಮತ್ತೆ ತೆರೆದು ನೋಡಿದೆ. ನಡುವಿನ ಕಪ್ಪು ಬಿಳುಪಿನ ವೃತ್ತವಿದೆ, ಸುತ್ತ ಚೀನೀ ಅಕ್ಷರಗಳಂತೆ ಕಾಣುವ ಗೀಚುಗಳಿವೆ, ಬಾಣಗಳು ಮಾತ್ರ ಇಲ್ಲ! ಅಂದಕ್ಕೆ ಅಡ್ಡಿಯಾಯಿತೆಂದು ಪ್ರಿಂಟಿಂಗಿನವರು ಒರೆಸಿ ಹಾಕಿರಬೇಕು.

ಅದು ಬ್ರೂಸ್ ಲೀ ತಾನೇ ಕಟ್ಟಿದ ಜೀತ್ ಕುನೆ ದೋ ಎಂಬ ಕಾದಾಟದ ಕಲೆಗೆ ಇಟ್ಟುಕೊಂಡ ಲಾಂಛನ. ಅವನ ಚೀನೀ ಹೆಸರು ಲೀ ಜುನ್ ಫಾನ್. ಅದೇ ಹೆಸರಿನಲ್ಲಿ ಸಿಯಾಟಲ್, ಓಕ್‌ಲ್ಯಾಂಡ್, ಕಡೆಗೆ 1967ರಲ್ಲಿ ಲಾಸ್ ಏಂಜಲೀಸ್‌ನ ಚೈನಾಟೌನಿನಲ್ಲಿ ಅವನ ಶಾಲೆಗಳು ತೆರೆದವು. ವೃತ್ತದೊಳಗಿನ ಯಿನ್ ಯಾಂಗ್ ಚಿತ್ರ ಅವನದಲ್ಲ, ಅದು ಚೀನಾದ ದಾವ್ ಚಿಂತನೆಯ ಹಳೆಯ ಗುರುತು. ಚೀನೀಯರು ಆ ಎರಡು ಪಾಲುಗಳನ್ನು ಮೀನುಗಳೆಂದೇ ಕರೆಯುತ್ತಾರೆ. ಕಪ್ಪು ಮೀನಿಗೆ ಬಿಳಿಯ ಕಣ್ಣು, ಬಿಳಿಯದಕ್ಕೆ ಕಪ್ಪು ಕಣ್ಣು. ಇಷ್ಟು ನಿನಗೂ ಗೊತ್ತು, ಈಗಂತೂ ಇದು ಬೀಗದ ಕೈಗೊಂಚಲಿನ ಮೇಲೂ ಸಿಗುತ್ತದೆ.

ಆದರೆ ಆ ಮೀನುಗಳು ಈಜುತ್ತಿವೆ ಎಂಬುದನ್ನು ಕಾಗದದ ಮೇಲೆ ಹೇಗೆ ತೋರಿಸುವುದು? ಅದಕ್ಕೇ ವೃತ್ತವನ್ನು ಸುತ್ತಿಕೊಂಡು ಹೋಗುವ ಎರಡು ಬಾಣಗಳು. ಒಂದರ ಬೆನ್ನಿಗೆ ಇನ್ನೊಂದು, ಎಲ್ಲೂ ನಿಲ್ಲದ ಓಟ. ಇದನ್ನು ತತ್ತ್ವಜ್ಞಾನ ಎಂದಷ್ಟೇ ತಿಳಿಯಬೇಡ, ನನ್ನ ಮಟ್ಟಿಗೆ ಅದು ಹೊಡೆತದ ನಕ್ಷೆ. ಲೀ ಹಾಂಗ್ ಕಾಂಗ್‌ನಲ್ಲಿ ಇಪ್ ಮ್ಯಾನ್ ಎಂಬ ಗುರುವಿನ ಬಳಿ ಕಲಿತದ್ದು ವಿಂಗ್ ಚುನ್ ಎಂಬ ಕುಂಗ್ ಫೂ ಶೈಲಿ. ಅದರಲ್ಲಿ ಪಾಕ್ ಸಾವ್ ಎಂಬ ಒಂದು ಪಟ್ಟು ಇದೆ. ಎದುರಾಳಿಯ ಮುಷ್ಟಿ ಬರುತ್ತದೆ. ನಿನ್ನ ಒಂದು ಅಂಗೈ ಅವನ ತೋಳನ್ನು ಪಟ್ಟೆಂದು ಬದಿಗೆ ಬಡಿಯುವ ಹೊತ್ತಿಗೇ ಇನ್ನೊಂದು ಕೈಯ ಮುಷ್ಟಿ ಅವನ ಮೂಗಿನ ಮುಂದಿರುತ್ತದೆ. ಮೊದಲು ತಡೆ, ಆಮೇಲೆ ಹೊಡೆ ಎಂಬ ಎರಡೆಣಿಕೆಯ ಲೆಕ್ಕ ಇಲ್ಲಿಲ್ಲ. ತಡೆಯುವುದರೊಳಗೆ ಹೊಡೆಯುವುದು ಸೇರಿಕೊಂಡಿದೆ, ಕಪ್ಪಿನೊಳಗಿನ ಬಿಳಿ ಕಣ್ಣಿನ ಹಾಗೆ. ಜೀತ್ ಕುನೆ ದೋ ಎಂದರೇ ಬರುವ ಏಟನ್ನು ನಡುದಾರಿಯಲ್ಲಿ ಹಿಡಿಯುವ ಮುಷ್ಟಿಯ ಮಾರ್ಗ. ಬಾಣ ತೆಗೆದರೆ ಉಳಿಯುವುದು ನಿಂತ ಗಡಿಯಾರ.

ಇನ್ನು ಆ ಗೀಚುಗಳು. ಮೂಲದಲ್ಲಿ ಅಲ್ಲಿರುವುದು ಹನ್ನೆರಡು ಅಕ್ಷರ, ಆರಾರರ ಎರಡು ಸಾಲು. ಎಣಿಸಿದರೆ ಬೇರೆ ಬೇರೆ ಅಕ್ಷರಗಳು ಆರೇ. ಅವೇ ಮತ್ತೆ ಮತ್ತೆ ಬಂದು ಹನ್ನೆರಡಾಗಿವೆ. ‘ವು’ ಎಂದರೆ ಇಲ್ಲ, ‘ಯೋ’ ಎಂದರೆ ಇದೆ. ಪ್ರತಿ ಸಾಲಿನಲ್ಲೂ ಇವೆರಡು ಎದುರುಬದುರಾಗಿ ಕುಳಿತಿವೆ. ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗೆ: ಇಲ್ಲದ ಕ್ರಮವೇ ಇರುವ ಕ್ರಮ, ಇಲ್ಲದ ಎಲ್ಲೆಯೇ ಇರುವ ಎಲ್ಲೆ. ನಾನು ಕ್ರಮ ಎಂದದ್ದು ‘ಫಾ’ ಎಂಬ ಅಕ್ಷರವನ್ನು. ನಮ್ಮ ಕಡೆಯಿಂದ ಬೌದ್ಧ ಗ್ರಂಥಗಳು ಅಲ್ಲಿಗೆ ಹೋದಾಗ ‘ಧರ್ಮ’ ಎಂಬ ಮಾತಿಗೆ ಅವರು ಇಟ್ಟದ್ದು ಇದೇ ಅಕ್ಷರವನ್ನು! ಇದನ್ನು ತಿಳಿದ ದಿನ ಕಾಫಿ ಆರಿಹೋದದ್ದೂ ನನಗೆ ಗೊತ್ತಾಗಲಿಲ್ಲ.

ಕ್ರಮವೇ ಬೇಡ ಎಂದವನಿಗೆ ಲಾಂಛನವೇಕೆ, ದರ್ಜೆಯೇಕೆ ಎಂದು ನೀನು ಕೇಳುತ್ತೀಯ. ನನಗೂ ಆ ತಕರಾರು ಇದೆ. ಶಿಷ್ಯರ ದರ್ಜೆಗಳಿಗೆಂದು ಅವನು ಬಣ್ಣಬಣ್ಣದ ಯಿನ್ ಯಾಂಗ್ ವೃತ್ತಗಳನ್ನೂ ಗೊತ್ತುಮಾಡಿದ್ದ. ಅದರಲ್ಲೂ ಒಂದು ಕೀಟಲೆ: ಮೊದಲ ಮೆಟ್ಟಿಲಿಗೆ ಖಾಲಿ ವೃತ್ತ, ಕಟ್ಟಕಡೆಯದಕ್ಕೂ ಖಾಲಿ ವೃತ್ತ. 1970ರಲ್ಲಿ ಶಾಲೆಗಳನ್ನೇ ಮುಚ್ಚಿಬಿಟ್ಟ. ಮರುವರ್ಷ ಅಮೆರಿಕದ ಒಂದು ಪತ್ರಿಕೆಯಲ್ಲಿ, ಜೀತ್ ಕುನೆ ದೋ ಎಂಬುದು ದಾಟಲು ಬಳಸುವ ದೋಣಿ, ದಾಟಿದ ಮೇಲೆ ಬೆನ್ನ ಮೇಲೆ ಹೊತ್ತು ತಿರುಗುವುದಲ್ಲ ಎಂಬರ್ಥದಲ್ಲಿ ಬರೆದ. 1973ರಲ್ಲಿ, ಮೂವತ್ತೆರಡನೆಯ ವಯಸ್ಸಿಗೇ ಹೋಗಿಬಿಟ್ಟ. ಸಿಯಾಟಲ್‌ನ ಲೇಕ್ ವ್ಯೂ ಸ್ಮಶಾನದಲ್ಲಿ ಅವನ ಸಮಾಧಿಯ ಮುಂದೆ ತೆರೆದ ಪುಸ್ತಕದಂತೆ ಕೊರೆದ ಕಲ್ಲಿದೆ. ಅದರ ಮೇಲೂ ಇದೇ ಲಾಂಛನ. ದೋಣಿಯನ್ನು ಜನ ಅಷ್ಟು ಸುಲಭವಾಗಿ ಕೆಳಗಿಡುವುದಿಲ್ಲ.

ನೀನೀಗ ಮಾಸ್ಟರ್ ಬಳಿ ಜಗಳಕ್ಕೆ ಹೋಗಬೇಡ. ಅವರು ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಿದ್ದಾರೆ ಎಂದು ನೀನೇ ಬರೆದಿದ್ದೀಯ. ಮುಂದಿನ ಸಲ ಟೀ ಶರ್ಟು ಹೊಡೆಸುವಾಗ ಬಾಣಗಳನ್ನು ಹಾಕಿಸಿದರೆ ಸಾಕು. ಅಕ್ಷರಗಳು ಸರಿಯಾಗಿ ಸಿಗದಿದ್ದರೆ ಬಿಟ್ಟೇಬಿಡಲಿ, ತಪ್ಪು ಗೀಚಿಗಿಂತ ಖಾಲಿ ಬಟ್ಟೆ ವಾಸಿ. ಪುಟ್ಟಿಯ ಟೀ ಶರ್ಟಿಗೆ ಮಾತ್ರ ದೀಪಾವಳಿಗೆ ಬಂದಾಗ ನಾನೇ ಬಟ್ಟೆಯ ಬಣ್ಣದಲ್ಲಿ ಎರಡು ಬಾಣ ಬರೆದು ಕೊಡುತ್ತೇನೆ. ಬಲಕ್ಕೆ ಬಿಳಿ, ಎಡಕ್ಕೆ ಕಪ್ಪು ಎಂದೆಲ್ಲ ಅವಳೇ ನಿಂತು ಹೇಳಲಿ.

ಇಂತಿ,
ನಿನ್ನ ಹಳೆಯ ತಕರಾರಿನವನು