ಮಂಜುವಿಗೆ ದೊಡ್ಡಮ್ಮನ ಪತ್ರ

ಚಿ. ಮಂಜುವಿಗೆ, ದೊಡ್ಡಮ್ಮನ ಆಶೀರ್ವಾದಗಳು.

ತೊಡೆಸಂದಿನ ಗಂಟನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದೆಯಂತೆ. ಇದರಲ್ಲಿ ನಾಚಿಕೆ ಏನು ಮಾರಾಯ? ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಯುಷ್ಯದಲ್ಲಿ ಯಾವಾಗಲಾದರೂ ಹರ್ನಿಯಾ ಬರುತ್ತದೆ. ಹೊಟ್ಟೆಯ ಗೋಡೆ ಸಡಿಲಾದಲ್ಲಿ ಒಳಗಿನ ಕೊಬ್ಬೋ ಕರುಳೋ ಹೊರಗೆ ಉಬ್ಬುತ್ತದೆ. ಕಷಾಯ, ಎಣ್ಣೆ, ಬೆಲ್ಟು ಯಾವುದರಿಂದಲೂ ಆ ಸಂದು ಮುಚ್ಚುವುದಿಲ್ಲ, ಮುಚ್ಚಲು ಆಪರೇಶನ್ನೇ ಬೇಕು.

ನಿನಗೆ ಎರಡೂ ಕಡೆ ಇರುವುದರಿಂದ ಲ್ಯಾಪರೊಸ್ಕೋಪಿಯೇ, ಅಂದರೆ ಸಣ್ಣ ತೂತಿನಲ್ಲಿ ಕ್ಯಾಮೆರಾ ಬಿಟ್ಟು ಮಾಡುವ ಆಪರೇಶನ್ನೇ, ಒಳ್ಳೆಯದೆಂದು ನನಗೂ ಅನಿಸುತ್ತದೆ. ತೆರೆದು ಮಾಡಿದರೆ ಎರಡು ಕಡೆ ಕೊಯ್ಯಬೇಕು. ಇದರಲ್ಲಿ ಮೂರು ಸಣ್ಣ ತೂತುಗಳಲ್ಲೇ ಎರಡೂ ಬದಿ ಮುಗಿಯುತ್ತದೆ, ನೋವೂ ಕಡಿಮೆ. ಥಿಯೇಟರಿನಲ್ಲಿ ನರ್ಸಾಗಿ ನಿಂತು ನೋಡಿದವಳು ನಾನು. ಗ್ಯಾಸ್ ತುಂಬಿ ಜಾಗ ಮಾಡಿಕೊಂಡು, ಸಡಿಲಾದ ಜಾಗಕ್ಕೆ ಒಳಗಿನಿಂದ ಹೊದಿಸುವ 10×15 ಸೆಂ.ಮೀ.ನಷ್ಟು ಬಲೆಯನ್ನು ಬೀಡಿಯ ಹಾಗೆ ಸುತ್ತಿ ಹೊಕ್ಕುಳ ಬಳಿಯ ತೂತಿನಿಂದ ಒಳಗೆ ಬಿಡುತ್ತಾರೆ. ಸರ್ಜನ್ ಪರದೆ ನೋಡುತ್ತ, ಉದ್ದನೆಯ ಎರಡು ಇಕ್ಕಳಗಳಲ್ಲಿ ಅದನ್ನು ಬಿಡಿಸಿ, ಮಡಿಕೆ ಬೀಳದಂತೆ ಹರಡಬೇಕು. ಪಳಗಿದ ಕೈಗೆ ಮಾತ್ರ ಬರುವ ಕೆಲಸ ಅದು. ಅಪರೂಪಕ್ಕೆ ಮೂತ್ರಕೋಶಕ್ಕೋ ರಕ್ತನಾಳಕ್ಕೋ ಕರುಳಿಗೋ ಪೆಟ್ಟಾಗುವುದುಂಟು. ಅದಕ್ಕೇ ಕೇಳು: ‘ಈ ಆಪರೇಶನ್ ನೀವು ಎಷ್ಟು ಮಾಡಿದ್ದೀರಿ ಸಾರ್? ನಡುವೆ ತೆರೆಯಬೇಕಾಗಿ ಬಂದರೆ?’ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರಾದರೆ ಬೇರೆ ಡಾಕ್ಟರನ್ನು ನೋಡು. ಹೊಸ ಮಿಷನ್ನಿನ ಬೋರ್ಡು ನೋಡಿ ಮರುಳಾಗಬೇಡ.

ಪೂರ್ತಿ ಎಚ್ಚರ ತಪ್ಪಿಸುವ ಅರಿವಳಿಕೆ ಕೊಡುತ್ತಾರೆ. ಶುಗರ್ ಮಾತ್ರೆ ತೆಗೆದುಕೊಳ್ಳುವುದನ್ನು ಮೊದಲೇ ಹೇಳು. ಸಿಗರೇಟು ಇವತ್ತೇ ನಿಲ್ಲಲಿ, ಕೆಮ್ಮಿದಷ್ಟೂ ಹೊಲಿಗೆ ಜಾಗ ನೋಯುತ್ತದೆ. ಎದ್ದ ಮೇಲೆ ಹೆಗಲು ನೋಯಬಹುದು, ಒಳಗೆ ತುಂಬಿದ ಗ್ಯಾಸಿನದು, ಒಂದೆರಡು ದಿನದಲ್ಲಿ ಹೋಗುತ್ತದೆ. ವೃಷಣ ಸ್ವಲ್ಪ ಊದಿ ಕಪ್ಪಾದರೂ ಗಾಬರಿ ಬೇಡ. ಮೂತ್ರ ಹೋಗದಿದ್ದರೆ ಮಾತ್ರ ತಕ್ಷಣ ನರ್ಸಿಗೆ ಹೇಳು, ಮುಜುಗರಪಟ್ಟು ತಡೆದುಕೊಂಡು ಮಲಗಬೇಡ. ಓಡಾಡಲು ಅದೇ ದಿನ ಶುರು ಮಾಡಬಹುದು. ಅಡಿಕೆ ಮೂಟೆ ಎತ್ತುವುದು ಮಾತ್ರ ಡಾಕ್ಟರು ಒಪ್ಪಿದ ಮೇಲೆಯೇ.

ಅಡಿಕೆ ಕೊಯ್ಲು ಮುಗಿಯಲಿ ಅನ್ನುತ್ತೀಯಂತೆ. ನೋವಿಲ್ಲದೆ, ಮಲಗಿದಾಗ ಗಂಟು ಒಳಗೆ ಹೋಗುತ್ತಿದ್ದರೆ, ಡಾಕ್ಟರು ಹೂಂ ಅಂದರೆ ಕಾಯಬಹುದು. ಆದರೆ ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂದರೆ ಕೊಯ್ಲೂ ಬೇಡ, ರಾತ್ರಿಯೆಂದೂ ನೋಡಬೇಡ, ಗಾಡಿ ಹತ್ತು. ಕರುಳು ಸಿಕ್ಕಿಕೊಂಡು ರಕ್ತ ನಿಂತರೆ ಗಂಟೆಗಳ ಲೆಕ್ಕ.

ತಾರೀಖು ಗೊತ್ತಾದ ಕೂಡಲೆ ಫೋನ್ ಮಾಡು. ಆಸ್ಪತ್ರೆಯಲ್ಲಿ ರಾತ್ರಿ ನಾನಿರುತ್ತೇನೆ, ನಿನ್ನ ಹೆಂಡತಿ ಮಕ್ಕಳ ಜೊತೆ ಮನೆಯಲ್ಲಿರಲಿ.

ಇಂತಿ,
ನಿನ್ನ ದೊಡ್ಡಮ್ಮ