ಎಫ್‌ಎನ್‌ಯು ತಿಪ್ಪೇಸ್ವಾಮಿ

ಅಮೆರಿಕಕ್ಕೆ ಬಂದ ಹೊಸತರಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸ್ ಮೇಲೆ ‘ಎಫ್‌ಎನ್‌ಯು ತಿಪ್ಪೇಸ್ವಾಮಿ’ ಅಂತ ಅಚ್ಚಾಗಿ ಬಂತು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಇಲ್ಲಿನ ವೀಸಾದಲ್ಲಿ ಇರೋ ಒಂದೇ ಹೆಸರು ಆ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ಈ ಮೂರಕ್ಷರ ಕೂರುತ್ತವೆ. ಅರ್ಥ ಇಷ್ಟೇ: ‘ಫಸ್ಟ್ ನೇಮ್ ಅನ್‌ನೋನ್’, ಮೊದಲ ಹೆಸರು ಗೊತ್ತಿಲ್ಲ. ‘ಪ್ರಿಯ ಎಫ್‌ಎನ್‌ಯು’ ಅಂತ ಕಾಗದಗಳೂ ಬರುತ್ತಿದ್ದವು.

ಚಳ್ಳಕೆರೆ ಕಡೆಯವನಿಗೆ ಹೀಗಾಗಬೇಕಾ? ನಮ್ಮ ಕ್ಲಾಸಿನಲ್ಲೇ ಐದು ಜನ ತಿಪ್ಪೇಸ್ವಾಮಿಗಳಿದ್ದೆವು. ಮೇಷ್ಟ್ರು ಇನಿಷಿಯಲ್ ಹಿಡಿದೇ ಹಾಜರಿ ಕೂಗಬೇಕಿತ್ತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಅಂದರೆ ನಮ್ಮ ಕಡೆ ಅಷ್ಟು ಭಕ್ತಿ. ಜಾತ್ರೆಯಲ್ಲಿ ಕೊಬ್ಬರಿ ಸುಡುವ ಹೊಗೆ ನೋಡಿದವರಿಗೆ ಗೊತ್ತಿರುತ್ತೆ.

ಆದರೆ ನಮ್ಮ ಮನೆಗೆ ಈ ಹೆಸರು ಬಂದದ್ದು ನಿಜವಾದ ತಿಪ್ಪೆಯಿಂದಲೇ. ನನ್ನ ತಾತನಿಗಿಂತ ಮುಂಚೆ ಹುಟ್ಟಿದ ಮೂರು ಕೂಸು ಉಳಿಯಲಿಲ್ಲ. ನಾಲ್ಕನೆಯದನ್ನು ಮೊರದಲ್ಲಿಟ್ಟು ತಿಪ್ಪೆ ಮೇಲೆ ಮಲಗಿಸಿ ಬಂದರಂತೆ. ಸೂಲಗಿತ್ತಿ ಹೋಗಿ ಎತ್ತಿಕೊಂಡಳು. ಅವಳಿಗೆ ಒಂದು ಮೊರ ರಾಗಿ ಕೊಟ್ಟು, ಹೆತ್ತವಳೇ ತನ್ನ ಕೂಸನ್ನು ಕೊಂಡು ತಂದಳು. ಯಾರೋ ಬಿಸಾಕಿದ್ದು, ಬೇಡವಾದ್ದು ಅಂತ ಸಾವು ನಂಬಲಿ ಅಂತ.

ಸಾವಿಗೆ ಟೋಪಿ ಹಾಕೋ ಈ ಉಪಾಯ ನಮ್ಮದಷ್ಟೇ ಅಂದುಕೊಂಡಿದ್ದೆ. ಮಂಗೋಲಿಯಾದಲ್ಲಿ ‘ನೆರ್ಗುಯಿ’ ಅಂತ ಹೆಸರಿಡುತ್ತಾರೆ, ಅಂದರೆ ಹೆಸರಿಲ್ಲದವನು. ‘ಎನೆಬಿಶ್’ ಅಂದರೆ ಇದಲ್ಲ. ‘ಹುನ್‌ಬಿಶ್’ ಅಂದರೆ ಮನುಷ್ಯನೇ ಅಲ್ಲ! ಚೀನಾದ ಹಳ್ಳಿಗಳಲ್ಲಿ ನಾಯಿ ತಿಂದು ಬಿಟ್ಟದ್ದು ಅನ್ನೋ ಅರ್ಥದ ‘ಗೌಶೆಂಗ್’ ಇದೆ. ಪೂರ್ವ ಯುರೋಪಿನ ಯಹೂದಿಗಳು ಕಾಯಿಲೆಯ ಕೂಸಿಗೆ ‘ಆಲ್ಟರ್’, ಮುದುಕ, ಅಂತ ಹೆಸರಿಡುತ್ತಿದ್ದರು. ಎಳೆ ಜೀವ ಹುಡುಕಿಕೊಂಡು ಬಂದ ಮೃತ್ಯುದೂತ ಮುದುಕನ ಹೆಸರು ಕೇಳಿ ವಾಪಸ್ ಹೋಗಲಿ ಅಂತ. ಆ ಲೆಕ್ಕದಲ್ಲಿ ಎಫ್‌ಎನ್‌ಯು ನನ್ನ ಆಯುಸ್ಸನ್ನು ಒಂದಿಷ್ಟು ಜಾಸ್ತಿಯೇ ಮಾಡಿರಬೇಕು.

ತಾತ ತೀರಿಕೊಂಡ ವರ್ಷ ನಾನು ಹುಟ್ಟಿದೆ. ಅವರ ಹೆಸರೇ ಇಟ್ಟರು. ಗಂಡನ ಹೆಸರು ಹೇಳಬಾರದಲ್ವಾ, ಹಾಗಾಗಿ ಅಜ್ಜಿ ಕೊನೆವರೆಗೂ ನನ್ನನ್ನು ತಿಪ್ಪೇಸ್ವಾಮಿ ಅನ್ನಲಿಲ್ಲ. ‘ಅಜ್ಜಯ್ಯ’ ಅನ್ನುತ್ತಿದ್ದಳು. ಬೈಯುವಾಗಲೂ ‘ಏನ್ ಅಜ್ಜಯ್ಯ, ಹಿಂಗಾ ಮಾಡೋದು?’ ಅಂತ ಬಹುವಚನದ ಗತ್ತಿನಲ್ಲೇ. ನೈಜೀರಿಯಾದ ಯೊರುಬಾ ಜನರಲ್ಲಿ ತಾತ ಸತ್ತ ಮೇಲೆ ಹುಟ್ಟಿದ ಗಂಡುಮಗುವಿಗೆ ‘ಬಾಬಾತುಂಡೆ’ ಅನ್ನುತ್ತಾರೆ, ಅಪ್ಪ ಮತ್ತೆ ಬಂದ ಅಂತ. ಅಜ್ಜಿಗೆ ಇದನ್ನು ಹೇಳಿದ್ದರೆ ‘ಮತ್ತೇನು, ಸರಿಯಾಗೇ ಇದೆ’ ಅನ್ನುತ್ತಿದ್ದಳು.

ಇಲ್ಲಿ ಇಂಗ್ಲಿಷ್ ಹೆಸರುಗಳ ಮುಂದೆ ನಮ್ಮವು ಒರಟು ಅಂತ ಕೆಲವರಿಗೆ ಅನಿಸುತ್ತೆ. ಪೀಟರ್ ಅಂದರೆ ಗ್ರೀಕಿನಲ್ಲಿ ಕಲ್ಲು. ನಮ್ಮ ಕಲ್ಲಪ್ಪ! ಮಾರ್ಗರೆಟ್ ಅಂದರೆ ಮುತ್ತಮ್ಮ. ಜಾರ್ಜ್ ಅಂದರೆ ಹೊಲ ಉಳೋನು. ಅಷ್ಟಕ್ಕೂ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳ ಹೆಸರೂ ಅಹೋಬಲ ಅನ್ನೋದು ಜನರ ಬಾಯಲ್ಲಿ ಸವೆದು ಓಬಳ, ಓಬಣ್ಣ, ಓಬವ್ವ ಆದದ್ದೇ.

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆಯ ಕೊನೆ ಪುಟದಲ್ಲಿ ಸದಸ್ಯರ ಪಟ್ಟಿ ಇದೆ. ಮನೆತನದ ಹೆಸರಿನ ಪ್ರಕಾರ ಜೋಡಿಸಲು ಕೂತು ಸೋತೆ. ಒಬ್ಬರದು ಅಪ್ಪನ ಹೆಸರು, ಇನ್ನೊಬ್ಬರದು ಊರು, ಮತ್ತೊಬ್ಬರದು ಬರೀ ‘ಕೆ’. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ಅಪ್ಪನ ಹೆಸರಿಗೆ ‘ಮಗ’, ‘ಮಗಳು’ ಅಂತ ಸೇರಿಸುತ್ತಾರೆ, ಅಚ್ಚಿನ ಟೆಲಿಫೋನ್ ಡೈರೆಕ್ಟರಿ ಇದ್ದಾಗ ಅದನ್ನೂ ಸ್ವಂತ ಹೆಸರಿನ ಮೇಲೆಯೇ ಜೋಡಿಸುತ್ತಿದ್ದರು. ನಾನೂ ಹಾಗೇ ಮಾಡಿದ್ದೇನೆ. ಹುಡುಕುವಾಗ ನೆನಪಿರಲಿ.

ಇಷ್ಟೆಲ್ಲ ಬರೆದವನು ತನ್ನ ಮಗನಿಗೆ ಏನು ಹೆಸರಿಟ್ಟ ಅಂತ ಕೇಳಬೇಡಿ. ಎರಡಕ್ಷರ, ಇಲ್ಲಿನವರಿಗೆ ಸಲೀಸು. ಊರಲ್ಲಿರೋ ನಮ್ಮಮ್ಮನಿಗೆ ಮಾತ್ರ ಅದು ಬಾಯಿಗೆ ಹತ್ತಿಲ್ಲ. ಭಾನುವಾರ ವಿಡಿಯೋ ಕಾಲ್‌ನಲ್ಲಿ ‘ಎಲ್ಲೋ ಗುಂಡಪ್ಪ?’ ಅಂತಾಳೆ. ಆರಡಿ ಹುಡುಗ, ಕಿವಿಯ ಹೆಡ್‌ಫೋನ್ ತೆಗೆದು ಬಂದು ಕೂರುತ್ತಾನೆ.